ಮೆಹರಿನ ಮನೆ

"ಬಾಡಿಗಿ ಎಲ್ರಿ?" ಎಂದು ಫಕ್ರುನ್ನೀಸಾ ಅಂಗೈ ಚಾಚಿದಳು.

ಹೊಲಿಗೆ ಮಷಿನ್ ಮುಂದೆ ಕೂತಿದ್ದ ಶಂಶುದ್ದೀನ್ ತಲೆಯೆತ್ತಿದ. ಅವಳ ಕೆನ್ನೆಯ ಮೇಲೆ ಸುಣ್ಣದ ಹನಿಯೊಂದು ಒಣಗಿತ್ತು. ಮದುವೆಯಾಗಿ ಕಲ್ಯಾಣದಿಂದ ಹುಮನಾಬಾದಿಗೆ ಬಂದು ಇನ್ನೂ ಒಂದೂವರೆ ತಿಂಗಳು. ಆಗಲೇ ಮೂರು ಗೋಡೆಗಳಿಗೆ ತಾನೇ ಸುಣ್ಣ ಬಳಿದಿದ್ದಳು.

"ಯಾವ ಬಾಡಿಗಿ?"

"ನಿಕಾಹದಾಗ ನೀವು ನನಗ ಕೊಟ್ಟ ಮೆಹರು ಈ ಮನಿ ಅಂತ ಖಾಜಿಸಾಬರು ಎಲ್ಲಾರ ಮುಂದ ಓದ್ಯಾರ. ನನ್ನ ಮನ್ಯಾಗ ಇರಾಕತ್ತೀರಿ. ಪುಕ್ಕಟ ಇರಬೇಕಂತ ಮಾಡೀರೇನು?"

ಅವಳ ಕಣ್ಣಂಚಿನಲ್ಲಿ ನಗು ತುಳುಕುತ್ತಿತ್ತು. ಅವನೂ ನಕ್ಕ. ಆದರೆ ಮಷಿನ್ ಮೇಲಿನ ಕಾಲು ತಪ್ಪಿ, ದಾರ ಹರಿಯಿತು.

ಆ ಮನೆಯನ್ನು ಅವನು ಎರಡು ವರ್ಷದ ಹಿಂದೆಯೇ ಅಡವಿಟ್ಟಿದ್ದ. ತಂಗಿಯ ಮದುವೆಗೆಂದು ಧಾನ್ಯದ ವ್ಯಾಪಾರಿ ಅಂಬಾದಾಸರ ಕೈಯಿಂದ ಏಳುನೂರು ರೂಪಾಯಿ ತಂದಿದ್ದ. ಆಮೇಲೆ ಯುದ್ಧ ಬಂತು, ಬಟ್ಟೆ ತುಟ್ಟಿಯಾಯಿತು, ಹೊಲಿಸುವವರು ಕಡಿಮೆಯಾದರು. ಬಡ್ಡಿ ಸೇರಿ ಸಾಲ ಎಂಟುನೂರಾ ಎಪ್ಪತ್ತಕ್ಕೆ ಏರಿತ್ತು.

ಅಂಥದರಲ್ಲೇ ಒಂದು ದಿನ ಶೇರವಾನಿ ಕೊಡಲು ಕಲ್ಯಾಣಕ್ಕೆ ಹೋಗಿದ್ದ. ಕದದ ಹಿಂದಿನಿಂದ ಒಂದು ದನಿ, "ಗುಂಡಿ ಒಂದು ಕಮ್ಮಿ ಅದರಿ" ಎಂದಿತ್ತು. ಪರದೆ ಸರಿದಾಗ ಕಂಡದ್ದು ಎರಡು ಕಣ್ಣು ಮಾತ್ರ. ಆ ಒಂದು ಗುಂಡಿ ಹಚ್ಚಲು ಅವನು ಮೂರು ಸಲ ಹೋಗಿಬಂದ. ಕೊನೆಗೆ ಮದುವೆಯ ಮಾತೆತ್ತಿದ. ಫಕ್ರುನ್ನೀಸಾಳ ತಂದೆ ನಬೀಸಾಬರು "ಮೆಹರಿಗೆ ಏನ್ ಬರಸ್ತಿ?" ಎಂದು ಕೇಳಿದಾಗ, ಸಾಲಗಾರನಿಗೆ ಮಗಳನ್ನು ಕೊಡಲಾರರೆಂಬ ಭಯದಲ್ಲಿ ಅವನ ಬಾಯಿಂದ ಬಂದಿತ್ತು: "ಮನಿ."

ಆ ಶುಕ್ರವಾರ ಫಕ್ರುನ್ನೀಸಾ ನಾಲ್ಕು ಬಂಗಾರದ ಬಳೆಗಳನ್ನು ತಂದು ಅವನ ಮುಂದಿಟ್ಟಳು. ಅವಳ ಕೈ ಬರಿದಾಗಿತ್ತು.

"ಇವನ್ನ ಮಾರಿ ಮ್ಯಾಲೊಂದು ಖೋಲಿ ಕಟ್ಟಿಸೋಣ್ರಿ. ಅಲ್ಲಿ ಬೆಳಕು ಚಲೋ ಅದ. ನಿಮ್ಮ ಕಣ್ಣಿಗೆ ಆರಾಮಾಗ್ತದ."

ಶಂಶುದ್ದೀನನಿಗೆ ಇನ್ನು ತಡೆಯಲಾಗಲಿಲ್ಲ. "ಬ್ಯಾಡ ಫಕ್ರೂ, ಎತ್ತಿಡು. ಈ ಮನಿ ಗಿರವಿ ಅದ. ನಿಕಾಹದ ದಿನಾನೂ ಗಿರವಿ ಇತ್ತು."

ಅವಳು ತಾನು ಸುಣ್ಣ ಬಳಿದ ಗೋಡೆಯನ್ನು ನೋಡಿದಳು. ಬಳೆಗಳನ್ನು ಒಂದೊಂದಾಗಿ ಕೈಗೇರಿಸಿಕೊಂಡಳು. "ದಿನಾ ನಾ 'ನನ್ನ ಮನಿ' ಅಂದಾಗ ನೀವು ನಗತಿದ್ರಿ" ಎಂದಳು, ಅಷ್ಟೇ. ಮರುದಿನ ಬೆಳಗ್ಗೆ ಮೋಟಾರು ಹತ್ತಿ ತವರಿಗೆ ಹೋದಳು.

ಆರು ದಿನ ಕಾದು ಶಂಶುದ್ದೀನ್ ಕಲ್ಯಾಣಕ್ಕೆ ಹೋದ. ಅವಳು ತಂದೆಗೆ ಏನೂ ಹೇಳಿರಲಿಲ್ಲ. ಅವನೇ ಎಲ್ಲ ಹೇಳಿದ, ತಲೆ ಎತ್ತದೆ.

"ಈಗ ಎಲ್ಲಾ ಕಳದು ನಿಂದು ಅಂತ ಏನುಳೀತದ?" ನಬೀಸಾಬರು ಕೇಳಿದರು.

"ಮನಿಗೆ ಒಂಬೈನೂರಾ ಅರವತ್ತು ಬರ್ತದರಿ. ಸಾಲ ಮುಟ್ಟಿಸಿದ್ರ ತೊಂಬತ್ತು ರೂಪಾಯಿ. ಮತ್ತ ಮಷಿನ್."

"ಆವತ್ತೇ ಯಾಕ ಹೇಳಲಿಲ್ಲ?"

"ಹೇಳಿದ್ರ ಕೊಡ್ತಿದ್ದಿಲ್ಲ ನೀವು."

"ಕೊಡ್ತಿದ್ದೆ," ನಬೀಸಾಬರು ಮೆಲ್ಲಗೆ ಹೇಳಿದರು. "ನೀ ಕೇಳಾಕ ಬರೂಕಿಂತ ಮೊದಲೇ ಆಕಿ ನಿನ್ನ ಹೆಸರು ಹೇಳಿದ್ದಳು. ನಾನು ಮನಿ ನೋಡಿ ಕೊಟ್ಟಿಲ್ಲಪಾ."

ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಈ ಮಾತಿಗೆ ಕಣ್ಣು ತುಂಬಿಬಂತು. ತಂದೆ ಎದ್ದು ಹೊರಗೆ ಹೋದ ಮೇಲೆ ಫಕ್ರುನ್ನೀಸಾ ಬಾಗಿಲಿಗೆ ಬಂದು ನಿಂತಳು.

"ಮನಿ ಮಾರಲೇನು? ಹೆಸರಿಗಾದ್ರೂ ಅದು ನಿಂದು. ನಿನ್ನ ಕೇಳದೆ ಮಾರಂಗಿಲ್ಲ," ಎಂದ ಶಂಶುದ್ದೀನ್.

"ಮಾರ್ರಿ. ಅಂಬಾದಾಸರದು ಪೂರಾ ಮುಟ್ಟಿಸ್ರಿ. ಒಂದು ಬಾಡಿಗಿ ಖೋಲಿ ನೋಡ್ರಿ."

"ನಿನ್ನ ಮೆಹರು ಮಾಫ್ ಮಾಡು ಅಂತ ಕೇಳೂ ಮುಖ ನನಗಿಲ್ಲ, ಫಕ್ರೂ."

"ಕೇಳಿದ್ರೂ ಮಾಡಂಗಿಲ್ಲ." ಅವಳು ನಗಲಿಲ್ಲ. "ಒಂಬೈನೂರಾ ಅರವತ್ತೂ ನನಗ ಬರಬೇಕು. ತಿಂಗಳಿಗೆ ಎರಡು ರೂಪಾಯಿ ಕೊಡ್ರಿ."

ಅವನು ಮನಸ್ಸಿನಲ್ಲೇ ಎಣಿಸಿದ. "ನಲವತ್ತು ವರ್ಷ ಹಿಡೀತದ."

"ಗೊತ್ತದ," ಎಂದಳು ಅವಳು, ಆವತ್ತು ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟು. "ಲೆಕ್ಕ ಹಾಕೇ ಹೇಳೀನಿ."