ಐಸ್ ಇಡಬೇಡಿ ಮಾರಾಯ್ರೆ!

"ಏಯ್! ಕರೆಂಟು ತೆಗೆದದ್ದು ಯಾರು? ನನ್ನ ಐಸೆಲ್ಲ ಹೋಯ್ತು!"

ಆಲೆಟ್ಟಿಯ ಸಮನ್ವಿತಾ ಅಂಗಳದಲ್ಲಿ ನಿಂತು ಕಿರುಚಿದ ರಭಸಕ್ಕೆ, ಕಂಬದ ಮೇಲಿದ್ದ ಲೈನ್‌ಮ್ಯಾನ್ ರಕ್ಷಿತ್‌ನ ಕೈಯಿಂದ ಇಕ್ಕಳ ಜಾರಿ ಬಿತ್ತು.

ಕೆಳಗೆ ನೋಡಿದ. ಕೆದರಿದ ಕೂದಲು, ಕೆಂಪು ಮೂಗು, ತುಂಬಿದ ಕಣ್ಣು... ಐಸಿಗೆ ಹೀಗೆ ಅಳುವವರೂ ಉಂಟಾ!

ಸಂಜೆ ಸುಳ್ಯದಿಂದ ದೊಡ್ಡ ಡಬ್ಬಿ ಐಸ್‌ಕ್ರೀಂ ಹಿಡಿದು ಬಂದ.

"ಇದೆಂತ?"

"ಹೋದದ್ದಕ್ಕೆ ಬದಲು. ಪಿಸ್ತಾ ಆಗ್ತದಲ್ಲ?"

ನಗು ತಡೆಯಲಾರದೆ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಸಮುದ್ರದ ನೀರು ಹೆಪ್ಪುಗಟ್ಟುವಾಗ ಐಸಿನ ಹರಳು ಹೇಗೆ ಬೆಳೆಯುತ್ತದೆ ಎಂದು ಲೆಕ್ಕ ಹಾಕಿ ತೆರೆಯ ಮೇಲೆ ಬೆಳೆಸುವುದು ಅವಳ ಸಂಶೋಧನೆ. ಹೇಳದೆ ಕರೆಂಟು ಹೋದರೆ ಎಲ್ಲ ಮೊದಲಿನಿಂದ!

"ಸಮುದ್ರದ ಉಪ್ಪು ಎಲ್ಲಿ ಹೋಗ್ತದೆ?"

"ಐಸು ಅದನ್ನು ಹೊರಗೆ ದೂಡ್ತದೆ."

"ಪಾಪ ಉಪ್ಪು!"

ಅಂದಿನಿಂದ ಕರೆಂಟು ತೆಗೆಯುವ ಮುಂಚೆ ಅವನ ಫೋನು ಬರತೊಡಗಿತು. "ಮೇಡಂ, ಐಸು ಭದ್ರ ಮಾಡಿ!"

ಕರೆಂಟು ಯಾವಾಗ ಹೋಗುತ್ತದೋ ಎಂದು ಅವಳೇ ಕಾಯತೊಡಗಿದಳು. ಹುಚ್ಚು ಹುಡುಗಿ!

ಒಮ್ಮೆ ಅವನೆಂದ, "ನಿಮ್ಮ ಸ್ವರ ಕೇಳಿದ್ರೆ ಕಂಬ ಹತ್ತಿದ ಸುಸ್ತೇ ಗೊತ್ತಾಗುದಿಲ್ಲ."

ನಾಚಿಕೆಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು, "ಐಸ್ ಇಡಬೇಡಿ ಮಾರಾಯ್ರೆ!"

ಸುಮ್ಮನೆ ಹೊಗಳಿ ಉಬ್ಬಿಸಬೇಡಿ ಎಂದು ನಗುತ್ತಲೇ ಅಂದದ್ದು. ಆದರೆ ಮುಖದ ನಗು ಫೋನಿನಲ್ಲಿ ಕಾಣಬೇಕಲ್ಲ? ಹೊಗಳಿಕೆ ಅವಳಿಗೆ ಹಿಡಿಸಲಿಲ್ಲವೆಂದೇ ಅವನು ತಿಳಿದ. ಫೋನು ನಿಂತಿತು.

ಕರೆಂಟು ಹೋಗುವುದೂ ನಿಂತಿತು! ಹರಳು ಪೂರ್ತಿ ಬೆಳೆಯಿತು, ಗೈಡ್ ಶಹಬ್ಬಾಸ್ ಎಂದರು. ಸಮನ್ವಿತಾಳಿಗೆ ಮಾತ್ರ ಅನ್ನ ಸೇರಲಿಲ್ಲ.

"ಕರೆಂಟು ಉಂಟು ಅಂತ ಅಳುವವಳನ್ನು ಇವತ್ತೇ ನೋಡಿದ್ದು!" ಎಂದು ಅಮ್ಮ ದೇವಕಿ ಹಣೆ ಚಚ್ಚಿಕೊಂಡರು.

ಕೊನೆಗೆ ಅವಳೇ ಫೋನು ಮಾಡಿದಳು. "ಕಂಪ್ಲೇಂಟ್ ಉಂಟು. ಕರೆಂಟು ಹೋಗ್ತಾ ಇಲ್ಲ!"

"ಹೋಗದಿದ್ರೂ ಕಂಪ್ಲೇಂಟಾ?" ರಕ್ಷಿತ್ ತಡವರಿಸಿದ. "ನಿಮ್ಮ ಐಸು ಬೆಳೀಲಿ ಅಂತ ಲೈನಿಗೆ ತಾಗುವ ಕೊಂಬೆಯೆಲ್ಲ ನಾನೇ ಕಡಿದೆ..."

"ಮತ್ತೆ ಫೋನ್ ಯಾಕೆ ಮಾಡ್ಲಿಲ್ಲ?"

"ಉಪ್ಪಿನ ಹಾಗೆ ನನ್ನನ್ನು ಹೊರಗೆ ದೂಡಿದ್ರಿ ಅಂತ ಗ್ರಹಿಸಿದೆ."

ಅವಳ ಕಣ್ಣು ತುಂಬಿತು. "ಉಪ್ಪು ಪೂರ್ತಿ ಹೊರಗೆ ಹೋಗುದಿಲ್ಲ. ಸ್ವಲ್ಪ ಐಸಿನ ಒಳಗೇ ಸಿಕ್ಕಿಕೊಂಡು ಉಳೀತದೆ. ನನ್ನೊಳಗೆ ನೀವು ಉಳಿದಿದ್ದೀರಿ... ನಂಗೆ ನೀವು ಬೇಕು."

ಅವನು ಮೆಲ್ಲಗೆ ಕೇಳಿದ, "ಮೇಡಂ... ಐಸ್ ಇಡ್ತಾ ಇಲ್ಲ ಅಲ್ಲ?"

"ಇಲ್ಲ ಮಾರಾಯ್ರೆ!"

"ಹಾಗಾದ್ರೆ ಈಗಲೇ ಬರ್ತೇನೆ. ಪಿಸ್ತಾ ಆಗ್ತದಲ್ಲ?"