ಬಿಝರ್ತ್ ಪಂದ್ಯದಲ್ಲಿ ಸೀಳಿದ ಟೈರು

ಈಜಿ ದಡ ಸೇರಿದವರಲ್ಲಿ ಎಂದಿನಂತೆ ಬೇಕರಿಯ ಮೊಂಗಿಯೇ ಮೊದಲಿಗ. ಓಡಿ ಹೋಗಿ ಸೈಕಲ್ ಹಿಡಿದವನು ಅಲ್ಲೇ ನಿಂತುಬಿಟ್ಟ. ಎರಡೂ ಟೈರುಗಳನ್ನು ಯಾರೋ ಬ್ಲೇಡಿನಿಂದ ಸೀಳಿದ್ದರು. ಈಜು, ಸೈಕಲ್, ಓಟ ಮೂರನ್ನೂ ಒಂದೇ ಉಸಿರಿಗೆ ಮುಗಿಸುವ ಬಿಝರ್ತ್ ಬಂದರೂರಿನ ಕ್ಲಬ್ಬಿನ ಆ ಪುಟ್ಟ ಪಂದ್ಯವನ್ನು ನಾಲ್ಕು ವರ್ಷದಿಂದ ಅವನೇ ಗೆದ್ದಿದ್ದ. ಈ ಸಲ ಗೆದ್ದದ್ದು ಕ್ಲಬ್ಬಿನ ನಾಯಕ, ಹಲ್ಲಿನ ಡಾಕ್ಟರ್ ರಾವೂಫ್.

ನರ್ಸ್ ಸಿಹೆಮ್‌ಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಈಜುವವರು ಸುತ್ತಿ ಬರಬೇಕಾದ ದೂರದ ತೇಲುಗುರುತಿನ ಬಳಿ, ತಾಗಿದರೆ ಉರಿಯೇಳಿಸುವ ಅಂಬಲಿ ಮೀನುಗಳ, ಅಂದರೆ ಜೆಲ್ಲಿಫಿಶ್‌ಗಳ, ಹಿಂಡು. ಈಜಿದವರ ಮುಖ, ಕುತ್ತಿಗೆಯ ಮೇಲೆಲ್ಲ ಕೆಂಪು ಬಾಸುಂಡೆ. ಅವಳು ಮುಲಾಮು ಹಚ್ಚುತ್ತಿದ್ದರೆ, ರಾವೂಫ್ ಸೈಕಲ್ ನಿಲ್ಲಿಸುವ ಅಂಗಳದಲ್ಲಿ ಕೂಗಾಡುತ್ತಿದ್ದ.

"ಕಾವಲಿದ್ದವನು ನೀನೊಬ್ಬನೇ ಮುದುಕ! ಯಾರ ಮಾತು ಕೇಳಿ ಸೀಳ್ದೆ?"

"ಮಕ್ಕಳಾಣೆ, ಬಾಗಿಲು ಬಿಟ್ಟು ಕದಲಿಲ್ಲಪ್ಪ. ಒಂದು ನರಪಿಳ್ಳೆ ಒಳಗೆ ಬಂದಿಲ್ಲ," ಎಂದ ಕಾವಲುಗಾರ ಹೇದಿ.

ಬಂದರಿನ ಸುಂಕದ ಕಚೇರಿಯಲ್ಲಿ ಮೂವತ್ತು ವರ್ಷ ಕಳ್ಳಮಾಲು ಹಿಡಿದು ನಿವೃತ್ತಳಾದ ದಲೆಂದಾ, ಕ್ಲಬ್ಬಿನಲ್ಲಿ ಏನೇ ಕಳವಾದರೂ ಪತ್ತೆ ಹಚ್ಚುವವಳು. ಅವಳು ಸಿಹೆಮ್‌ಳನ್ನು ಕರೆದುಕೊಂಡು ಅಂಗಳದ ಹಿಂಬದಿಗೆ ಹೋದಳು. ಅಲ್ಲಿ ಬಂಡೆಗಳು, ಬಂಡೆಗಳ ಆಚೆ ಬರೀ ನೀರು.

"ಮುಲಾಮು ಎಷ್ಟು ಜನಕ್ಕೆ ಹಚ್ಚಿದೆ ಮಗಳೇ?"

"ಮೂವತ್ತೊಂದು."

"ಈಜಿದವರು?"

"ಮೂವತ್ತೆರಡು, ಚಿಕ್ಕಮ್ಮ."

"ಎಲ್ಲರನ್ನೂ ಚಪ್ಪರಕ್ಕೆ ಕರಿ."

ಎಲ್ಲರೂ ಕೂತ ಮೇಲೆ ದಲೆಂದಾ ಶುರು ಮಾಡಿದಳು. "ಹೇದಿ ಸುಳ್ಳು ಹೇಳಿಲ್ಲ. ಬಾಗಿಲಿಂದ ಯಾರೂ ಬಂದಿಲ್ಲ. ಬಂಡೆ ಹತ್ತಿ ಬಂದಿದಾನೆ, ಅಂದ್ರೆ ನೀರಿಂದ. ದೂರದ ಗುರುತು ಸುತ್ತಿ, ಟೈರೂ ಸೀಳಿ, ಮೊಂಗಿಗಿಂತ ಮುಂಚೆ ಮುಗಿಸೋದು ಆಗದ ಮಾತು. ಹಾಗಾಗಿ ಅವನು ಸುತ್ತಲೇ ಇಲ್ಲ. ಅರ್ಧಕ್ಕೇ ತಿರುಗಿ, ಕೆಲಸ ಮುಗಿಸಿ, ಬಂಡೆ ಮರೇಲಿ ಕಾದು, ಗುಂಪು ಬಂದಾಗ ಸೇರ್ಕೊಂಡ. ಎಲ್ಲರದ್ದೂ ಅದೇ ಹಳದಿ ಟೋಪಿ, ಯಾರಿಗೆ ಗೊತ್ತಾಗ್ಬೇಕು? ಆದ್ರೆ ಅಂಬಲಿ ಮೀನು ಅವನನ್ನ ಮುಟ್ಟಿಲ್ಲ. ರಾವೂಫ್, ಮುಖ ಇತ್ತ ತಿರುಗಿಸಪ್ಪ."

"ನನ್ನ ಅದೃಷ್ಟ, ಕಚ್ಚಲಿಲ್ಲ!"

"ಸರಿ, ಕೈಗಡಿಯಾರ ಕೊಡು. ನೀನು ಈಜಿದ ದಾರಿಯೆಲ್ಲ ಅದ್ರಲ್ಲೇ ಇರುತ್ತಲ್ಲ."

ರಾವೂಫ್ ಗಡಿಯಾರವನ್ನು ಅಂಗೈಯಿಂದ ಮುಚ್ಚಿಕೊಂಡ. ಆಮೇಲೆ ಹೇಳಿದ: "ನಾಲ್ಕು ವರ್ಷ ಒಬ್ಬ ರೊಟ್ಟಿ ಸುಡೋವನ ಬೆನ್ನು ನೋಡಿದೀನಿ. ಹೋಗ್ಲಿ ಬಿಡಿ. ಮುದುಕನಿಗೆ ಬೇರೆ ಕೆಲಸ ಕೊಡಿಸ್ತೀನಿ. ತಪ್ಪು ಅವನ ತಲೆ ಮೇಲೇ ಇರ್ಲಿ, ನನ್ನ ಹೆಸರು ಹೊರಗೆ ಹೋಗೋದು ಬೇಡ."

ಸಿಹೆಮ್‌ಗೆ ಈಜು ಕಲಿಸಿದ್ದು ಇದೇ ಮನುಷ್ಯ. ಆಗ ಅವನ ಕೈ ತನ್ನ ಬೆನ್ನಿಗೆ ಆಸರೆಯಾಗಿತ್ತೆಂದು ಅವಳಿಗೆ ನೆನಪಾಯಿತು. ಮರಳಿಗೆ ಥೂ ಎಂದು ಉಗಿದಳು.

ಮೊಂಗಿ ಎದ್ದು ಹೇದಿಯ ತೋಳು ಹಿಡಿದ. "ನಡಿ ತಾತ, ಮನೆವರೆಗೂ ಬರ್ತೀನಿ."

ಒಬ್ಬೊಬ್ಬರಾಗಿ ಎಲ್ಲರೂ ಅವರ ಹಿಂದೆ ಹೊರಟರು. ಚಪ್ಪರದಲ್ಲಿ ಉಳಿದದ್ದು ರಾವೂಫ್ ಮತ್ತು ಅವನು ಗೆದ್ದ ಬಹುಮಾನದ ಕಪ್.