ಇಲ್ಲದ ಹೊಸ್ತಿಲು

ಡಿಸ್ಕ್ ಇರಲಿಲ್ಲ!

ಚನ್ನಗಿರಿ ಬಸ್ ನಿಲ್ದಾಣದ ಹಿಂದಿನ ಮಹಡಿ ಕೋಣೆ. ಬೀಗ ಮುರಿದಿಲ್ಲ, ಕಿಟಕಿ ತೆರೆದಿಲ್ಲ. ಮೇಜಿನ ಖಾನೆ ಮಾತ್ರ ಬರಿದು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ಯಾರೋ ಅಳಿಸಿ ಹೋಗಿದ್ದರು. ಅರುಣಾ ಗೋಡೆಗೆ ಒರಗಿ ಕುಸಿದು ಕೂತಿದ್ದಳು.

"ಇನ್ನೊಂದ್ಸಲ ಮಾಡಾಕೆ ಆಗಲ್ವೇನಮ್ಮ?" ಸಬ್‌ಇನ್‌ಸ್ಪೆಕ್ಟರ್ ಯಶೋಧರಾ ಕೇಳಿದರು.

"ಚಿತ್ರ ಮಾಡಬೌದು ಮೇಡಂ. ಅಜ್ಜಿ ದನಿ ಎಲ್ಲಿಂದ ತರ್ಲಿ? ಗಂಟಲು ಆಪರೇಷನ್ ಆದ್ಮೇಲೆ ಅಜ್ಜಿಗೆ ಮಾತೇ ಇಲ್ಲ. ದನಿ ಉಳಿದಿದ್ದು ಆ ಡಿಸ್ಕಲ್ಲೇ."

ಮೂಲೆಯ ಕುರ್ಚಿಯಲ್ಲಿ ಕೆರೆಬಿಳಚಿಯ ಉಚ್ಚಂಗಮ್ಮ ಸೆರಗಿನಿಂದ ಕತ್ತು ಮುಚ್ಚಿಕೊಂಡು ಮೊಮ್ಮಗಳನ್ನೇ ನೋಡುತ್ತಿದ್ದರು. ಯಶೋಧರಾಗೆ ಮೈಯೆಲ್ಲ ಉರಿಯಿತು. ಒಡವೆ ಕದ್ದವರನ್ನು ಬೇಕಾದಷ್ಟು ಕಂಡಿದ್ದರು. ಮುದುಕಿಯ ದನಿ ಕದ್ದ ಪುಣ್ಯಾತ್ಮ ಇವನೇ ಮೊದಲು. ಅವನು ಸಿಕ್ಕುವ ತನಕ ಊಟದ ಮಾತೇ ಇಲ್ಲ ಎಂದು ಅಲ್ಲೇ ನಿಶ್ಚಯಿಸಿದರು.

ಅರುಣಾ ಮಾಡಿದ್ದು ಹೆಡ್‌ಸೆಟ್ ಕಟ್ಟಿಕೊಂಡು ನೋಡುವ ವಿಆರ್ ಕಾರ್ಟೂನು. ಕಳೆದುಹೋದ ಕರುವನ್ನು ಹುಡುಕಿ ಹೊರಟ ಹುಡುಗಿಯ ಕಥೆ, ಅಜ್ಜಿ ಹೇಳುತ್ತಿದ್ದದ್ದು. ಹೆಡ್‌ಸೆಟ್ ಕಟ್ಟಿಕೊಂಡವರೇ ಆ ಹುಡುಗಿ, ಕಥೆಯೊಳಗೆ ತಾವೇ ನಡೆಯಬೇಕು. ಕಡೆಗೆ ಅಜ್ಜಿಯ ಮನೆ ಸಿಗುತ್ತದೆ.

"ಕಡೇ ಭಾಗ ಯಾರ್ಯಾರು ನೋಡಿದ್ರು?"

"ನಾನು, ಅಜ್ಜಿ, ಇಬ್ರೇ. ಮೊದಲು ಹೊಸ್ತಿಲೇ ಇಲ್ದಂಗೆ ಮನೆ ಮಾಡಿದ್ದೆ. ಅಜ್ಜಿ ಕಾಲೆತ್ತಿ ತೋರ್ಸಿ, ಕೈಸನ್ನೇಲೇ ಬೈದ್ಲು. ಆಮೇಲೆ ನಮ್ಮನೇದರಂಗೇ ಗೇಣೆತ್ತರದ ಹೊಸ್ತಿಲು ಕೂರಿಸ್ದೆ. ಹೆಡ್‌ಸೆಟ್ಟಲ್ಲಿ ಉಳಿದಿರೋದು ಆ ಹಳೇ ಪ್ರತಿ. ಅದ್ರಲ್ಲಿ ದನಿ ಇಲ್ಲ."

ಕೋಣೆಯ ಕೀಲಿ ಇದ್ದದ್ದು ಇನ್ನು ಮೂವರ ಬಳಿ. ಯಶೋಧರಾ ಅವರನ್ನು ಕರೆಸಿದರು. ನ್ಯಾಮತಿಯ ಮುತ್ತುರಾಜ್ ಚಿತ್ರಗಳಿಗೆ ಬಣ್ಣ ತುಂಬುವವನು. ಜಗಳೂರಿನ ರೂಪಶ್ರೀ ಶಾಲೆಗಳಲ್ಲಿ ಪ್ರದರ್ಶನ ಗೊತ್ತುಮಾಡುವವಳು. ಹೊನ್ನಾಳಿಯ ಪ್ರವೀಣ್ ಕುಮಾರ್ ಆಪರೇಷನ್ನಿಗೆ ಮುಂಚೆ ಅಜ್ಜಿಯ ದನಿ ರೆಕಾರ್ಡ್ ಮಾಡಿದವನು.

"ಕಡೇ ಭಾಗ ನೋಡೀರೇನ್ರೀ?"

"ಅರುಣಕ್ಕ ತೋರ್ಸಿದ್ರೆ ತಾನೆ?" ಎಂದ ಮುತ್ತುರಾಜ್.

"ಮಕ್ಕಳ ಜೊತೆ ಶಾಲೇಲೇ ನೋಡಾನ ಅಂತಿದ್ದೆ ಮೇಡಂ," ಎಂದಳು ರೂಪಶ್ರೀ.

ಪ್ರವೀಣ್ ನಕ್ಕ. "ನಂಗೆ ಅದನ್ನ ಕಟ್ಕಂಡ್ರೆ ತಲೆ ಸುತ್ತುತೈತ್ರೀ. ಒಂದಿನಾನೂ ಕಟ್ಟಿಲ್ಲ."

"ಇವತ್ತು ಕಟ್ರಿ. ಬಿದ್ರೆ ನಾನು ಹಿಡ್ಕಂತೀನಿ."

ಕುರ್ಚಿ, ಮೇಜು ಗೋಡೆ ಸೇರಿದವು. ಹೆಡ್‌ಸೆಟ್‌ನಲ್ಲಿ ಹಳೆಯ ಪ್ರತಿ ಶುರುವಾಯಿತು. ಒಬ್ಬೊಬ್ಬರೇ ಅಜ್ಜಿಯ ಮನೆಯೊಳಗೆ ಹೋಗಬೇಕು— ಅಷ್ಟೇ. ಮುತ್ತುರಾಜ್ ಕೈ ಮುಂದೆ ಚಾಚಿಕೊಂಡು ಸರಸರನೆ ನಡೆದ. ರೂಪಶ್ರೀ ಅಂಗಳವನ್ನೆಲ್ಲ ತಿರುಗಿ ನೋಡಿ, ಕಾಲೆಳೆಯುತ್ತ ಒಳಹೊಕ್ಕಳು. ಪ್ರವೀಣ್ ನೆಟ್ಟಗೆ ಹೋದ. ಕೋಣೆಯ ನಡುವೆ ಬಂದವನು ಬಲಗಾಲನ್ನು ಗೇಣೆತ್ತರ ಎತ್ತಿ ಆಚೆಗಿಟ್ಟ. ಎಡಗಾಲನ್ನೂ ಹಾಗೆಯೇ.

ಉಚ್ಚಂಗಮ್ಮ ಕುರ್ಚಿ ಬಿಟ್ಟು ಎದ್ದು ನಿಂತರು.

"ಅಲ್ಲೇ ನಿಲ್ಲಪ್ಪ! ಏನು ದಾಟಿದೆ?" ಎಂದರು ಯಶೋಧರಾ.

"ಹೊಸ್ತಿಲು ಮೇಡಂ... ತುಳೀಬಾರ್ದಲ್ಲ?"

"ಕೆಳಗೆ ನೋಡು. ಹೊಸ್ತಿಲು ಐತಾ?"

ಪ್ರವೀಣನ ತಲೆ ಬಾಗಿತು.

"ನೀನು ನೋಡ್ತಿರೋದರಲ್ಲಿ ಸಪಾಟು ನೆಲ. ಅದಕ್ಕೇ ಅವರಿಬ್ರೂ ಸೀದಾ ಹೋದ್ರು. ಹೊಸ್ತಿಲು ಇರೋದು ಕಳುವಾದ ಪ್ರತಿಯಲ್ಲಿ ಮಾತ್ರ! ಕದ್ದು ಎಷ್ಟು ಸಲ ನೋಡಿದ್ಯೋ, ಕಣ್ಣಿಗೆ ಕಾಣದಿದ್ರೂ ಕಾಲಿಗೆ ನೆನಪೈತೆ. ತಲೆ ಸುತ್ತೋನು ಹಿಂಗೆ ನಡೀತಾನೇನೋ?" ಯಶೋಧರಾ ಹೆಡ್‌ಸೆಟ್ ಬಿಚ್ಚಿದರು. "ಮನೆಗೇ ಕನ್ನ ಹಾಕಿದೋನು ಹೊಸ್ತಿಲಿಗೆ ಮಾತ್ರ ಮರ್ಯಾದೆ ಕೊಟ್ಟ, ನೋಡ್ರಿ!"

ಪ್ರವೀಣನ ಮುಖ ಕಪ್ಪಿಟ್ಟಿತ್ತು. "ದನಿ ಹಿಡಿದೋನು ನಾನು. ಎಲ್ಲಿ ಹೋದ್ರೂ ಇವಳ ಹೆಸರೇ. ನಂದೇ ಅಂತ ಬೇರೆ ಕಡೆ ತೋರ್ಸಾಕೆ..."

"ಹೆಸರು ಬೇಕಿದ್ರೆ ಬಾಯ್ಬಿಟ್ಟು ಕೇಳ್ಬೇಕಿತ್ತು. ನಿನಗೆ ಬಾಯಿ ಐತಲ್ಲ!"

ಡಿಸ್ಕ್ ಅವನ ಬೈಕಿನ ಸೀಟಿನಡಿಯಲ್ಲಿತ್ತು.

"ಜೀಪು ಕಾಯ್ಲಿ. ದನಿ ಸರಿಯೈತಾ ಮೊದಲು ನೋಡಮ್ಮ," ಎಂದರು ಯಶೋಧರಾ. ಅರುಣಾ ಹೆಡ್‌ಸೆಟ್ಟನ್ನು ಅಜ್ಜಿಗೇ ಕಟ್ಟಿ, ಕಡೆಯ ಭಾಗ ಹಾಕಿದಳು. ಕೋಣೆಯೊಳಗೆ ದನಿ ಕೇಳಿತು.

"ಅಲ್ಯಾಕೆ ನಿಂತೆ? ಒಳಗ್ ಬಾರೇ ನನ್ನವ್ವ. ಕರು ಆಗ್ಲೇ ಮನೇಗೆ ಬಂದೈತೆ."

ಉಚ್ಚಂಗಮ್ಮನ ಕೈ ಗಂಟಲಿಗೆ ಹೋಯಿತು. ಆಮೇಲೆ ಅವರು ಸೀರೆಯ ನಿರಿಗೆ ಎತ್ತಿ ಹಿಡಿದು, ಬಲಗಾಲನ್ನು ಗೇಣೆತ್ತರ ಎತ್ತಿ, ತಮ್ಮದೇ ದನಿ ಕರೆದ ಕಡೆಗೆ ನಡೆದರು.